ಮೂರನೇ ಮಹಡಿಯ ಇಬ್ಬರು ಜಡ್ಜ್‌ಗಳು

ಪದ್ಮಜಾ ಮೈಸೂರಿನಲ್ಲಿ ಮೂರು ವರ್ಷ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋದವಳು ಎಂಬುದು ಮಿಷಿಗನ್ ರಾಜ್ಯದ ಕ್ಯಾಂಟನ್‌ನ ನಮ್ಮ ಸಬ್‌ಡಿವಿಷನ್ನಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಅವಳು ಹೇಳಿಕೊಳ್ಳುತ್ತಲೂ ಇರಲಿಲ್ಲ. ಡೆಟ್ರಾಯಿಟ್ ಹೊರವಲಯದ ಒಂದು ಕೌಂಟಿ ಕೋರ್ಟಿನಲ್ಲಿ ಕ್ಲರ್ಕ್, ಅಷ್ಟೇ ಎಲ್ಲರಿಗೂ ಗೊತ್ತು. ಪಾಟ್‌ಲಕ್ ಊಟಗಳಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವಾಗ, ಯಾರಾದರೂ ಸ್ಪೀಡಿಂಗ್ ಟಿಕೆಟ್ಟಿನ ವಿಚಾರ ಎತ್ತಿದರೆ, "ಅದು ನಮ್ ಕೋರ್ಟಿಗೆ ಬರಲ್ಲ ಕಣ್ರೀ" ಎಂದು ತಟ್ಟೆ ಹಿಡಿದುಕೊಂಡು ಎದ್ದುಬಿಡುತ್ತಿದ್ದಳು.

ನಾನು ಆನ್ ಆರ್ಬರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಸಂಜೆ ಇಬ್ಬರೂ ಬಡಾವಣೆಯ ಕೊಳದ ಸುತ್ತ ಎರಡು ಮೈಲಿ ನಡೆಯುತ್ತಿದ್ದೆವು. ಅವಳ ಬದುಕಿನ ವಿಷಯ ನನಗೆ ತಿಳಿದದ್ದೆಲ್ಲ ಹಾಗೆ ನಡೆಯುತ್ತಾ ತಿಳಿದದ್ದು. ಒಂದೇ ಸಲಕ್ಕಲ್ಲ, ಎಂಟು ವರ್ಷಗಳಲ್ಲಿ, ತುಣುಕು ತುಣುಕಾಗಿ.

ಮೈಸೂರಿನಲ್ಲಿ ಅವಳು ಹೆಸರಾಂತ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿದ್ದಳು. ಮೂರನೇ ವರ್ಷದಲ್ಲಿ ಸೀನಿಯರ್ ಅವಳಿಗೆ ಒಂದು ಕೇಸನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರು. ಗಂಗಮ್ಮ ಎಂಬ ಮುದುಕಿಗೆ ಅವಳ ಅತ್ತೆ ಬರೆದುಕೊಟ್ಟಿದ್ದ ಮನೆ. ಮೈದುನನ ಮಕ್ಕಳು ತಕರಾರು ತೆಗೆದಿದ್ದರು. ದಾನಪತ್ರ ಇತ್ತು, ರಿಜಿಸ್ಟರ್ ಕೂಡ ಆಗಿತ್ತು. ಸಾಕ್ಷಿ ಕಟ್ಟೆಯಲ್ಲಿ ಪದ್ಮಜಾ ಅದನ್ನು ಗಂಗಮ್ಮನ ಕೈಗೆ ಕೊಟ್ಟಳು, ಓದಿಸಿದಳು, ವಾಪಸ್ ತೆಗೆದುಕೊಂಡು ತನ್ನ ಫೈಲಿಗೆ ಸೇರಿಸಿದಳು. ಅದನ್ನು ದಾಖಲೆಯಾಗಿ ಗುರುತು ಮಾಡಿಸಬೇಕು, ನಂಬರು ಹಾಕಿಸಬೇಕು ಎಂಬುದು ಆ ಗಳಿಗೆಯಲ್ಲಿ ಮರೆತೇಹೋಯಿತು. ಮುನ್ಸಿಫರು ಎಲ್ಲವನ್ನೂ ನೋಡುತ್ತಿದ್ದರು. ಏನೂ ಹೇಳಲಿಲ್ಲ. ತೀರ್ಪಿನಲ್ಲಿ ಬರೆದರು: ದಾನಪತ್ರ ದಾಖಲೆಯಲ್ಲಿ ಇಲ್ಲ, ಆದ್ದರಿಂದ ಪರಿಗಣಿಸಲು ಬರುವುದಿಲ್ಲ. ಸೀನಿಯರ್ ಹೋಗಿ ಕೇಳಿದ್ದಕ್ಕೆ ಮುನ್ಸಿಫರು, "ಆ ಹುಡುಗಿಗೆ ನಾನು ನೆನಪು ಮಾಡಿಕೊಟ್ಟಿದ್ರೆ ಎದುರಿನವರ ಮುಖ ಹೇಗೆ ನೋಡ್ಲಿ?" ಎಂದರಂತೆ. ಅಪೀಲು ಹಾಕಿದರು. ಅದು ವಿಚಾರಣೆಗೆ ಬರುವಷ್ಟರಲ್ಲಿ ಗಂಗಮ್ಮ ತೀರಿಕೊಂಡಿದ್ದಳು.

"ತಪ್ಪು ನಂದೇ, ಅದ್ರಲ್ಲಿ ಎರಡು ಮಾತಿಲ್ಲ," ಎಂದಿದ್ದಳು ಪದ್ಮಜಾ. "ಆದ್ರೆ ಅವರು ನೋಡ್ತಾ ಕೂತಿದ್ರಲ್ಲ. ಒಂದು ಮಾತು. 'ಏನಮ್ಮ, ಇದನ್ನ ಮಾರ್ಕ್ ಮಾಡಿಸಲ್ವಾ' ಅಂತ ಒಂದೇ ಮಾತು ಸಾಕಾಗಿತ್ತು."

ತೀರ್ಪು ಬಂದ ವರ್ಷವೇ ಜಗನ್ನಾಥನ ಜೊತೆ ಮದುವೆಯಾಗಿ ಅವಳು ಮಿಷಿಗನ್‌ಗೆ ಬಂದಳು. ಇಲ್ಲಿ ಮತ್ತೆ ಲಾ ಓದುವ ಮಾತು ಎರಡು ಸಲ ಬಂತು, ಎರಡು ಸಲವೂ ಹೋಯಿತು. ಮಗ ವಿಶ್ರುತ್ ಶಾಲೆಗೆ ಸೇರಿದ ಮೇಲೆ ಕೌಂಟಿ ಕೋರ್ಟಿನಲ್ಲಿ ಕ್ಲರ್ಕ್ ಕೆಲಸಕ್ಕೆ ಅಪ್ಲೈ ಮಾಡಿದಳು, ಸಿಕ್ಕಿತು. ಮೊದಲು ಕೌಂಟರಿನಲ್ಲಿ ಕಾಗದ ತೆಗೆದುಕೊಳ್ಳುವ ಕೆಲಸ. ಆಮೇಲೆ ಮೂರನೇ ಮಹಡಿಯಲ್ಲಿ, ಜಡ್ಜ್ ಹಾಲೊರನ್ ಅವರ ಕೋರ್ಟ್‌ರೂಮಿನಲ್ಲಿ, ಅವರ ಪೀಠದ ಕೆಳಗಿನ ಮೇಜು.

ಆ ಮಹಡಿಯಲ್ಲಿ ಸಿವಿಲ್ ಕೇಸು ನಡೆಸುವ ಜಡ್ಜ್‌ಗಳು ಇಬ್ಬರು. ಹಜಾರದ ಒಂದು ತುದಿಯಲ್ಲಿ ಹಾಲೊರನ್, ಇನ್ನೊಂದು ತುದಿಯಲ್ಲಿ ಜಡ್ಜ್ ಮರ್ಸರ್ ಎಂಬ ಹೆಂಗಸು. ಮರ್ಸರ್ ಮಾತೇ ಆಡುವವರಲ್ಲ. ಎರಡೂ ಕಡೆಯವರು ಏನು ತಂದರೋ ಅದನ್ನು ನೋಡುವುದು, ಏನು ಹೇಳಿದರೋ ಅದನ್ನು ಕೇಳುವುದು, ತರದೇ ಇದ್ದದ್ದು ತನ್ನ ಪಾಲಿಗೆ ಲೋಕದಲ್ಲೇ ಇಲ್ಲ ಎನ್ನುವಂತೆ ತೀರ್ಪು ಕೊಡುವುದು. ಹಾಲೊರನ್ ಹಾಗಲ್ಲ. ವಕೀಲರ ಸರದಿ ಮುಗಿದ ಮೇಲೆ ಕನ್ನಡಕ ತೆಗೆದಿಟ್ಟು, ಸಾಕ್ಷಿಯ ಕಡೆ ತಿರುಗಿ, "ನನಗೆ ಒಂದೆರಡು ವಿಷಯ ಅರ್ಥವಾಗಲಿಲ್ಲ" ಎಂದು ಶುರು ಮಾಡುತ್ತಿದ್ದರು. ವಕೀಲರಿಲ್ಲದೆ ಬಂದವರನ್ನು ಹತ್ತಿರ ಕರೆದು, "ನಿಮ್ಮ ಹತ್ತಿರ ಇನ್ನೇನಾದರೂ ಕಾಗದ ಇದೆಯೆ? ಆ ಚೀಲದಲ್ಲಿ ಏನಿದೆ?" ಎಂದು ಕೇಳುತ್ತಿದ್ದರು. ಒಂದು ಸಲ ಹಾಗೆ ಒಬ್ಬ ಮುದುಕಿಯ ಚೀಲದೊಳಗಿನಿಂದ ಬಂದ ರಸೀತಿಯೊಂದು ಇಡೀ ಕೇಸನ್ನೇ ತಿರುಗಿಸಿಬಿಟ್ಟಿತು. ಅವತ್ತು ಪದ್ಮಜಾ ಮನೆಗೆ ಬಂದು ಹಬ್ಬದ ಅಡುಗೆ ಮಾಡಿದ್ದಳಂತೆ.

ಈ ಇಬ್ಬರು ಜಡ್ಜ್‌ಗಳು ಒಬ್ಬರನ್ನೊಬ್ಬರು ಗೌರವಿಸುತ್ತಿದ್ದರು, ಆದರೆ ಈ ಒಂದು ವಿಷಯದಲ್ಲಿ ಒಪ್ಪುತ್ತಿರಲಿಲ್ಲ. ಸಿಬ್ಬಂದಿಯ ಊಟದ ಕೋಣೆಯಲ್ಲಿ ಕಾಫಿ ಯಂತ್ರದ ಮುಂದೆ ನಿಂತು ಅವರು ವಾದ ಮಾಡಿದ್ದನ್ನು ಪದ್ಮಜಾ ಕೇಳಿಸಿಕೊಂಡಿದ್ದಳು.

"ವಕೀಲನಿಲ್ಲದವನಿಗೆ ನೀನು ಸಹಾಯ ಮಾಡಿದರೆ ನೀನೇ ಅವನ ವಕೀಲನಾದೆ," ಎಂದಿದ್ದರು ಮರ್ಸರ್. "ಆಗ ಎದುರಿನವನಿಗೆ ಜಡ್ಜ್ ಯಾರು?"

"ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರ ವಕೀಲ ಚುರುಕೋ ಅವನು ಗೆಲ್ಲುತ್ತಾನೆ," ಎಂದಿದ್ದರು ಹಾಲೊರನ್. "ಅಷ್ಟಕ್ಕೆ ನಾನ್ಯಾಕೆ ಬೇಕು? ಅಂಕ ಬರೆಯುವವನೊಬ್ಬ ಸಾಕು. ನಿಜ ಏನಾಯಿತು ಅಂತ ಗೊತ್ತಾಗದೆ ನಾನು ಹೇಗೆ ತೀರ್ಪು ಕೊಡಲಿ?"

"ಒಂದು ದಿನ ನಿನ್ನ ಪ್ರಶ್ನೆಗೆ ನಿನಗೆ ಬೇಡವಾದ ಉತ್ತರ ಬರುತ್ತೆ," ಎಂದು ಮರ್ಸರ್ ಲೋಟ ತೊಳೆದುಕೊಂಡು ಹೋದರಂತೆ.

ಪದ್ಮಜಾ ಪೂರ್ತಿ ಹಾಲೊರನ್ ಕಡೆ. ಅವರ ಹೆಸರು ಹೇಳುವಾಗ ಅವಳ ಮುಖವೇ ಬೇರೆಯಾಗುತ್ತಿತ್ತು. "ಹೀಗೂ ಒಬ್ರು ಜಡ್ಜ್ ಇರ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಅನು," ಎಂದು ನನಗೆ ಹೇಳುತ್ತಿದ್ದಳು.

ಆಮೇಲೆ ಎರಡು ಸಾವಿರದ ಒಂಬತ್ತು ಬಂತು. ಆ ವರ್ಷ ನಮ್ಮ ಕಡೆ ಹೇಗಿತ್ತು ಎಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಕಾರು ಕಂಪನಿಗಳು ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿದವು. ಅವುಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಕಾರ್ಖಾನೆಗಳು ರಾಚೆಸ್ಟರ್ ಹಿಲ್ಸ್‌ನಿಂದ ಹಿಡಿದು ಕ್ಯಾಂಟನ್‌ವರೆಗೆ ಒಂದೊಂದೇ ದೀಪ ಆರಿಸಿದವು. ನಮ್ಮ ಬೀದಿಯಲ್ಲಿ ಸಾಲ ಕಟ್ಟಲಾರದೆ ಬಿಟ್ಟುಹೋದ ಐದು ಮನೆಗಳ ಮುಂದೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಜಗನ್ನಾಥನ ಎಂಜಿನಿಯರ್ ಕೆಲಸ ಫೆಬ್ರವರಿಯಲ್ಲೇ ಹೋಯಿತು. ವಿಶ್ರುತ್‌ಗೆ ಚಿಕ್ಕಂದಿನಿಂದ ಉಬ್ಬಸ; ಆರೋಗ್ಯದ ಇನ್ಶೂರೆನ್ಸ್ ಇಡೀ ಮನೆಗೆ ಪದ್ಮಜಾಳ ಕೋರ್ಟಿನ ಕೆಲಸದಿಂದಲೇ. ಕೌಂಟಿಯವರು ಅರ್ಧ ಜನವನ್ನು ತೆಗೆದುಹಾಕಿದ್ದರಿಂದ ಅವಳು ಬೆಳಿಗ್ಗೆ ಹತ್ತರವರೆಗೆ ಕೆಳಗೆ ಕೌಂಟರ್ ನೋಡಿಕೊಂಡು ಆಮೇಲೆ ಮೂರನೇ ಮಹಡಿಗೆ ಓಡಬೇಕಿತ್ತು.

ಕೌಂಟರಿನ ಗಾಜಿನ ಮೇಲೆ ದೊಡ್ಡ ಅಕ್ಷರದ ಫಲಕವಿತ್ತು: ಇಲ್ಲಿ ಕಾನೂನು ಸಲಹೆ ಕೊಡುವುದಿಲ್ಲ. ಯಾವ ಫಾರಂ, ಯಾವ ಮಹಡಿ, ಎಷ್ಟು ಹೊತ್ತಿಗೆ, ಇಷ್ಟನ್ನು ಹೇಳಬಹುದು. ಏನು ಮಾಡಬೇಕು ಎಂದು ಕೇಳಿದರೆ ಹೇಳಬಾರದು. ಹೇಳಿದರೆ ಕೆಲಸ ಹೋಗುತ್ತದೆ. ಆ ವರ್ಷ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ವಕೀಲರಿರಲಿಲ್ಲ. ಎಲ್ಲರೂ ಕೇಳುತ್ತಿದ್ದುದು ಏನು ಮಾಡಬೇಕು ಎಂದೇ.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಗಾಜಿನ ಆಚೆ ನಿಂತ ಮನುಷ್ಯ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, "ಕನ್ನಡದವರೇನ್ರಿ?" ಎಂದ.

ಅವನು ಶಿವಬಸಪ್ಪ. ಬಾಗಲಕೋಟೆ ಕಡೆಯವನು, ಸುಮಾರು ನಲವತ್ತೆರಡು ವರ್ಷ, ಮೆಕ್ಯಾನಿಕಲ್ ಎಂಜಿನಿಯರ್. ರಾಚೆಸ್ಟರ್ ಹಿಲ್ಸ್‌ನಲ್ಲಿ ಮನೆ; ಹೆಂಡತಿ ಸ್ವರೂಪ, ಹನ್ನೊಂದನೇ ಕ್ಲಾಸಿನ ಮಗಳು ವರ್ಷಾ. ಕಾರಿನ ಸೀಟು ಹಿಂದಕ್ಕೆ ಮುಂದಕ್ಕೆ ಬಾಗುವ ಯಂತ್ರ ಮಾಡುವ ಕಂಪನಿಯೊಂದರಲ್ಲಿ ಆರು ವರ್ಷ ದುಡಿದಿದ್ದ. ಮಾರ್ಚ್‌ನಲ್ಲಿ ಅವರೇ ಅವನನ್ನು ತೆಗೆದುಹಾಕಿದರು. ಅವನು ಈ ದೇಶದಲ್ಲಿದ್ದದ್ದು ಕೆಲಸದ ವೀಸಾದ ಮೇಲೆ; ಕೆಲಸ ಇಲ್ಲದಿದ್ದರೆ ಇರುವ ಹಾಗಿಲ್ಲ. ಹೇಗೋ ಶಿಕಾಗೊ ಹತ್ತಿರದ ಇನ್ನೊಂದು ಸೀಟಿನ ಕಂಪನಿಯಲ್ಲಿ ಕೆಲಸ ಹುಡುಕಿಕೊಂಡ. ಭಾನುವಾರ ಸಂಜೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋಗುವುದು, ಶುಕ್ರವಾರ ವಾಪಸ್ ಬರುವುದು. ಈಗ ಹಳೇ ಕಂಪನಿ ಅವನ ಮೇಲೆ ದಾವೆ ಹೂಡಿತ್ತು. ಕೆಲಸ ಬಿಟ್ಟ ಒಂದು ವರ್ಷ ಎದುರಾಳಿ ಕಂಪನಿಯಲ್ಲಿ ಕೆಲಸ ಮಾಡುವುದಿಲ್ಲ ಎಂದು ಅವನು ಸೇರುವಾಗ ಬರೆದುಕೊಟ್ಟಿದ್ದ ಕಾಗದ ಅವರ ಹತ್ತಿರ ಇತ್ತು. ಅವನನ್ನು ತಡೆಯಲು ಆದೇಶ ಬೇಕೆಂದು ಅವರ ಬೇಡಿಕೆ. ಹೊಸ ಕಂಪನಿಯವರು, ನೀನು ಬಗೆಹರಿಸಿಕೊಂಡು ಬಾ, ಆದೇಶ ಬಂದರೆ ನಾವು ಇಟ್ಟುಕೊಳ್ಳಲಾಗುವುದಿಲ್ಲ ಎಂದು ಕೈತೊಳೆದುಕೊಂಡಿದ್ದರು.

"ತಾವ ತಗದು ಹಾಕ್ಯಾರ, ತಾವ ಬ್ಯಾರೆ ಕಡೆ ದುಡೀಬ್ಯಾಡ ಅಂತಾರ. ಇದೇನು ನ್ಯಾಯರಿ ಅಕ್ಕಾರ?" ಎಂದ ಶಿವಬಸಪ್ಪ.

ಪದ್ಮಜಾ ಅವನ ಉತ್ತರದ ಕಾಗದಗಳಿಗೆ ಮುದ್ರೆ ಹೊಡೆದಳು. ಅವನು ಹೋಗಲಿಲ್ಲ.

"ಒಂದು ಮಾತು ಕೇಳ್ಲೇನ್ರಿ? ಟ್ರಾಯ್ ಊರಾಗ ಒಬ್ರು ವಕೀಲರು ಅದಾರ. ನಮ್ಮ ಗೆಳೆಯ ಸತೀಶ ಮತ್ತ ನಾಕು ಮಂದಿ ಕೂಡಿ ಫೀ ಹೊಂದಿಸಿ ಕೊಡ್ತೀವಿ ಅಂತ ನಿಂತಾರ. ನಂಗ ಮನಸಿಲ್ಲ. ಅವರವೂ ಕೆಲಸ ಹೋಗ್ಯಾವ. ವಕೀಲರನ್ನ ಇಡಾಕ ಬೇಕೇನ್ರಿ, ಇಲ್ಲಾ ನಾನ ನಿಂತು ಹೇಳಿದ್ರ ನಡೀತೈತೋ?"

ಪದ್ಮಜಾಳ ಪಕ್ಕದಲ್ಲಿ ಮೇಲ್ವಿಚಾರಕಿ ಕೂತಿದ್ದಳು. ಕನ್ನಡ ಅವಳಿಗೆ ಅರ್ಥವಾಗದು. ಪದ್ಮಜಾ ಕಂಪ್ಯೂಟರಿನಲ್ಲಿ ಕೇಸಿನ ನಂಬರು ನೋಡಿದಳು. ಜಡ್ಜ್ ಯಾರೆಂದು ಅಲ್ಲಿತ್ತು: ಹಾಲೊರನ್. ಆ ಹೆಸರು ಕಂಡದ್ದೇ ಅವಳಿಗೆ ಒಳಗೆ ಹಗುರವಾಯಿತಂತೆ. ಮರ್ಸರ್ ಹೆಸರಿದ್ದಿದ್ದರೆ, ಸಾಲಸೋಲ ಮಾಡಿಯಾದರೂ ವಕೀಲರನ್ನು ಇಡಿ ಎಂದು ಕಣ್ಣಿನಲ್ಲಾದರೂ ಹೇಳುತ್ತಿದ್ದಳು.

"ನಾನು ಏನೂ ಹೇಳೋ ಹಾಗಿಲ್ಲ," ಎಂದಳು. ಆಮೇಲೆ ಫಾರಂ ತೋರಿಸುವವಳಂತೆ ಬಗ್ಗಿ ಹೇಳಿದಳು. "ಆದ್ರೆ ನಿಮ್ಮ ಕೇಸು ಒಳ್ಳೇವ್ರ ಹತ್ರ ಬಂದಿದೆ. ವಕೀಲರಿಲ್ಲ ಅಂದ್ರೆ ಅವ್ರೇ ಕೂರಿಸ್ಕೊಂಡು ಕೇಳ್ತಾರೆ. ಭಯ ಪಡ್ಬೇಡಿ. ನಿಜ ಏನಿದ್ಯೋ ಅದನ್ನ ಹೇಳಿ, ಸಾಕು."

ಶಿವಬಸಪ್ಪ ಎರಡೂ ಕೈ ಜೋಡಿಸಿದ. ಅಮೆರಿಕದ ಸರ್ಕಾರಿ ಕೌಂಟರಿನ ಮುಂದೆ ಯಾರೂ ಹಾಗೆ ಕೈ ಮುಗಿಯುವುದಿಲ್ಲ. ಅವಳಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಅವತ್ತು ಸಂಜೆ ಕೊಳದ ಸುತ್ತ ನಡೆಯುವಾಗ ಇದನ್ನೆಲ್ಲ ಹೇಳಿ, "ತಪ್ಪು ಮಾಡಿದ್ನಾ?" ಎಂದು ಕೇಳಿದಳು. ನಾನು, "ಏನು ಮಹಾ ಹೇಳಿದೀಯ, ನಿಜ ಹೇಳಿ ಅಂದೆ, ಅಷ್ಟೇ ತಾನೆ," ಎಂದೆ.

ವಿಚಾರಣೆ ನಡೆದದ್ದು ನವೆಂಬರ್ ಎರಡನೇ ವಾರ. ಶಿವಬಸಪ್ಪ ಒಬ್ಬನೇ ಬಂದಿದ್ದ, ಮದುವೆಗೆ ಹೊಲಿಸಿದ್ದಿರಬೇಕು ಎನ್ನುವಂಥ ಹಳೇ ಸೂಟು ಹಾಕಿಕೊಂಡು. ಕಂಪನಿಯ ಕಡೆ ಇಬ್ಬರು ವಕೀಲರು. ಅವರು ತಂದಿದ್ದು ಒಬ್ಬನೇ ಸಾಕ್ಷಿ, ಸಿಬ್ಬಂದಿ ವಿಭಾಗದವನು. ಅವನು ಶಿವಬಸಪ್ಪ ಸಹಿ ಹಾಕಿದ ಕಾಗದವನ್ನು ಗುರುತಿಸಿದ, ನಮ್ಮ ಗುಟ್ಟುಗಳು ಹೊರಗೆ ಹೋಗುವ ಭಯ ಇದೆ ಎಂದ.

"ಯಾವ ಗುಟ್ಟು? ಹೋಗಿದ್ದಕ್ಕೆ ಏನಾದರೂ ಆಧಾರ ಇದೆಯೆ?" ಎಂದು ಕೇಳಿದರು ಹಾಲೊರನ್.

ಸಾಕ್ಷಿ ವಕೀಲರ ಮುಖ ನೋಡಿದ. ಅವರ ಹತ್ತಿರ ಏನೂ ಇರಲಿಲ್ಲ.

"ನೀವೇ ಕೆಲಸದಿಂದ ತೆಗೆದವನನ್ನು ಬೇರೆ ಕಡೆ ದುಡಿಯಬೇಡ ಎನ್ನುತ್ತಿದ್ದೀರಿ. ಬರೀ ಭಯದ ಮೇಲೆ ನಾನು ಒಬ್ಬನ ಅನ್ನ ಕಿತ್ತುಕೊಳ್ಳಲಾರೆ," ಎಂದರು ಹಾಲೊರನ್. ಕಂಪನಿಯ ವಕೀಲರಲ್ಲಿ ಹಿರಿಯವನು ಫೈಲು ಮುಚ್ಚಲು ಶುರುಮಾಡಿದ್ದನ್ನು ಪದ್ಮಜಾ ತನ್ನ ಮೇಜಿನಿಂದ ನೋಡಿದಳು. ಕೇಸು ಅಲ್ಲಿಗೇ ಮುಗಿದುಹೋಗಬಹುದಿತ್ತು. ಹಜಾರದ ಆ ತುದಿಯಲ್ಲಿ, ಮರ್ಸರ್ ಅವರ ಕೋರ್ಟ್‌ರೂಮಿನಲ್ಲಾಗಿದ್ದರೆ ಮುಗಿದೇಹೋಗುತ್ತಿತ್ತು: ಆಧಾರ ತಂದಿಲ್ಲ, ಅರ್ಜಿ ವಜಾ, ಹತ್ತು ನಿಮಿಷ.

ಹಾಲೊರನ್ ಕನ್ನಡಕ ತೆಗೆದಿಟ್ಟರು. ಎರಡೂ ಕಡೆಯ ಮಾತು ಕೇಳದೆ ಆದೇಶ ಬರೆಯುವುದು ಅವರಿಗೆ ಸೇರುತ್ತಿರಲಿಲ್ಲ. ವಕೀಲರಿಲ್ಲದ ಈ ಮನುಷ್ಯ ತನ್ನ ಮಾತು ಹೇಳದೆ ಹೋಗಬಾರದು ಎಂದೂ ಅವರಿಗೆ ಅನ್ನಿಸಿರಬೇಕು. ಅವನನ್ನು ಸಾಕ್ಷಿ ಕಟ್ಟೆಗೆ ಕರೆದರು. ಪ್ರಮಾಣ ಮಾಡಿಸುವುದು ಪದ್ಮಜಾಳ ಕೆಲಸ. ಬಲಗೈ ಎತ್ತಿಸಿದಳು. ಸತ್ಯವನ್ನು, ಪೂರ್ತಿ ಸತ್ಯವನ್ನು ಹೇಳುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನು ಅವಳನ್ನು ನೋಡಿ ಸಣ್ಣಗೆ ನಕ್ಕು, ಹೇಳುತ್ತೇನೆ ಎಂದ.

ಮೊದಲ ಪ್ರಶ್ನೆಗಳು ಸುಲಭದವು. ಎಷ್ಟು ವರ್ಷ ಕೆಲಸ, ಯಾಕೆ ತೆಗೆದರು, ಮನೆಯಲ್ಲಿ ಯಾರಿದ್ದಾರೆ, ವಾರಕ್ಕೆ ಎಷ್ಟು ಮೈಲಿ ಓಡಾಟ. ಶಿವಬಸಪ್ಪ ಧೈರ್ಯವಾಗಿ ಉತ್ತರ ಕೊಟ್ಟ. ಹಾಲೊರನ್ ಅವರ ಮುಖದಲ್ಲಿ ಅವನ ಬಗ್ಗೆ ಕನಿಕರ ಕಾಣುತ್ತಿತ್ತು ಎಂದು ಪದ್ಮಜಾ ಈಗಲೂ ಹೇಳುತ್ತಾಳೆ.

"ನೀವು ಹಳೇ ಕಂಪನಿ ಬಿಡುವಾಗ ಅಲ್ಲಿಂದ ಏನಾದರೂ ತೆಗೆದುಕೊಂಡು ಹೋದಿರಾ?"

"ಇಲ್ಲ. ಲ್ಯಾಪ್‌ಟಾಪ್, ಬ್ಯಾಡ್ಜ್ ಎಲ್ಲ ಅವತ್ತೇ ಕೊಟ್ಟೆ."

"ಹಾಗಾದರೆ ಅವರ ಯಾವ ಮಾಹಿತಿಯೂ ನಿಮ್ಮ ಹತ್ತಿರ ಇಲ್ಲ."

ಅಲ್ಲಿಗೆ ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹಾಲೊರನ್ ಅದನ್ನು ಪ್ರಶ್ನೆಯಾಗಿ ಕೂಡ ಕೇಳಿರಲಿಲ್ಲ, ಬಹುಶಃ ಆದೇಶದಲ್ಲಿ ಬರೆಯಬೇಕಾದ ಸಾಲನ್ನು ಬಾಯಲ್ಲಿ ಹೇಳಿ ನೋಡುತ್ತಿದ್ದರು. ಶಿವಬಸಪ್ಪ ಯೋಚಿಸಿದ. ಪೂರ್ತಿ ಸತ್ಯ ಎಂದು ಈಗತಾನೆ ಕೈ ಎತ್ತಿ ಹೇಳಿದ್ದನಲ್ಲ.

"ಮನೆಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇದೆ," ಎಂದ. "ವಾರಾಂತ್ಯದಲ್ಲಿ ಮನೆಯಿಂದ ಕೆಲಸ ಮಾಡುವಾಗ ನಾನು ಬರೆದುಕೊಂಡ ಟೆಸ್ಟ್ ನೋಟ್ಸ್."

ಮುಚ್ಚಿದ್ದ ಫೈಲನ್ನು ಹಿರಿಯ ವಕೀಲ ಮತ್ತೆ ತೆರೆದ. ಅವನಿಗೆ ಇದರ ಸುಳಿವೇ ಇರಲಿಲ್ಲ.

ಹಾಲೊರನ್ ಸ್ವಲ್ಪ ತಡೆದರು. ಆ ತಡೆದ ಹೊತ್ತಿನಲ್ಲಿ ತಾನು ಕೆಮ್ಮಬಹುದಿತ್ತು, ಫೈಲು ಬೀಳಿಸಬಹುದಿತ್ತು, ಏನಾದರೂ ಮಾಡಬಹುದಿತ್ತು ಎಂದು ಪದ್ಮಜಾ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಆದರೆ ಕೇಳಲು ಶುರು ಮಾಡಿದ ಜಡ್ಜ್, ಗೊತ್ತಾದ ಮೇಲೆ ಅರ್ಧಕ್ಕೆ ನಿಲ್ಲಿಸಲಾರ.

"ಶಿಕಾಗೊ ಕೆಲಸಕ್ಕೆ ಸೇರಿದ ಮೇಲೆ ಅದನ್ನು ತೆರೆದು ನೋಡಿದಿರಾ?"

"ಒಂದೇ ಸಲ."

"ಯಾಕೆ?"

"ಗೇರಿನ ಹಲ್ಲಿನ ಕೋನ ಮರೆತಿತ್ತು. ಅದು ನಾನೇ ಕಂಡುಹಿಡಿದ ಲೆಕ್ಕ, ಸಾರ್. ಮೂರು ತಿಂಗಳು ಕೂತು ನಾನೇ ಮಾಡಿದ್ದು."

ಅದು ಅವನೇ ಮಾಡಿದ್ದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಅವನು ಸಂಬಳದಲ್ಲಿದ್ದಾಗ ಮಾಡಿದ್ದೆಲ್ಲ ಕಂಪನಿಯದು ಎಂದು ಅದೇ ಕಾಗದದ ನಾಲ್ಕನೇ ಪುಟದಲ್ಲಿತ್ತು. ಹಿರಿಯ ವಕೀಲ ಎದ್ದು ನಿಂತು, ನನಗೆ ಕೇಳುವುದು ಏನೂ ಉಳಿದಿಲ್ಲ ಎಂದ. ಹಾಲೊರನ್ ಊಟದ ಬಿಡುವಿಗೆ ಎದ್ದುಹೋದರು. ಎರಡು ಗಂಟೆಗೆ ಬಂದು ಆದೇಶ ಓದಿದರು. ಕಾಗದದಲ್ಲಿದ್ದ ಒಂದು ವರ್ಷ ಮುಗಿಯುವವರೆಗೆ ಆ ಕೆಲಸಕ್ಕೆ ತಡೆ. ಶಿವಬಸಪ್ಪ ಪ್ರಾಮಾಣಿಕ ಸಾಕ್ಷಿ ಎಂದು ಆದೇಶದಲ್ಲೇ ಬರೆದಿದ್ದರು.

ಹಜಾರದ ಬೆಂಚಿನ ಮೇಲೆ ಅವನು ಕೂತಿದ್ದ. ಪದ್ಮಜಾ ಹೋಗಿ ಪಕ್ಕದಲ್ಲಿ ನಿಂತಳು. ಅವನು ಬೈಯಲಿಲ್ಲ.

"ನೀವು ಹೇಳಿದಂಗ ಖರೇನ ಹೇಳಿದೆನ್ರಿ ಅಕ್ಕಾರ," ಎಂದ. "ಮತ್ತ ಹೆಂಗಾತಿದು?" ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದ. ಅವಳಿಗೆ ಗೊತ್ತಿತ್ತು. ವಕೀಲನೊಬ್ಬನಿದ್ದಿದ್ದರೆ ಮೊದಲೇ ಕೂರಿಸಿಕೊಂಡು ಎಲ್ಲ ಕೇಳಿ ತಿಳಿದಿರುತ್ತಿದ್ದ. ಆಧಾರ ತರಬೇಕಾದವರು ಅವರು, ನಮ್ಮ ಕಡೆಯಿಂದ ಹೇಳುವುದು ಏನೂ ಇಲ್ಲ ಎಂದು ಎದ್ದು ನಿಂತಿರುತ್ತಿದ್ದ. ಇವನನ್ನು ಕಟ್ಟೆ ಹತ್ತಲು ಬಿಡುತ್ತಲೇ ಇರಲಿಲ್ಲ. ಅದನ್ನು ಈಗ ಹೇಳಿ ಏನು ಪ್ರಯೋಜನ?

ಶಿಕಾಗೊ ಕಂಪನಿ ಮರುದಿನವೇ ಅವನನ್ನು ಬಿಟ್ಟಿತು. ವೀಸಾ ಅದರೊಂದಿಗೇ ಹೋಯಿತು. ಆ ಚಳಿಗಾಲದಲ್ಲಿ ಸೀಟಿನ ಎಂಜಿನಿಯರನ್ನು ಬೇರೆ ಯಾರೂ ತೆಗೆದುಕೊಳ್ಳುವಂತಿರಲಿಲ್ಲ. ಡಿಸೆಂಬರ್ ಮೊದಲ ವಾರದ ಟಿಕೆಟ್ ತೆಗೆದರು.

ಹೊರಡುವ ಮುಂಚಿನ ಶನಿವಾರ ಮಧ್ಯಾಹ್ನ ಪದ್ಮಜಾ ಅವರ ಮನೆಗೆ ಹೋಗಲೇಬೇಕೆಂದಳು. ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ, ನನ್ನನ್ನು ಕರೆದುಕೊಂಡು ಹೋದಳು. ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಗರಾಜು ತೆರೆದಿಟ್ಟು ಸಾಮಾನು ಮಾರಾಟಕ್ಕೆ ಹರವಿದ್ದರು. ಅಪರಿಚಿತರು ಬಂದು ರೈಸ್ ಕುಕ್ಕರು, ಸ್ಟಡಿ ಟೇಬಲ್ಲು ಎತ್ತಿ ನೋಡುತ್ತಿದ್ದರು. ಸ್ವರೂಪ ನಮ್ಮನ್ನು ಒಳಗೆ ಕರೆದಳು. ಕುರ್ಚಿಗಳು ಆಗಲೇ ಹೋಗಿದ್ದವು, ಮೆಟ್ಟಿಲ ಮೇಲೆ ಕೂತೆವು. ಚಹಾ ಕೊಟ್ಟಳು. ಆಮೇಲೆ ನೇರವಾಗಿ ಕೇಳಿದಳು:

"ವಕೀಲರು ಬ್ಯಾಡ ಅಂದವರು ನೀವ ಅಂತಲ್ರಿ?"

"ಹಾಗಂದಿಲ್ಲ..." ಎಂದಳು ಪದ್ಮಜಾ. ಆಮೇಲೆ, "ಹಾಗೇ ಅಂದ ಹಾಗಾಯ್ತು," ಎಂದಳು.

"ಇವರು ನಿಮ್ಮ ಮಾತಿನ ಮ್ಯಾಲ ಬಾಳ ನಂಬಿಕಿ ಇಟ್ಟಿದ್ರು. ಕನ್ನಡದವರು, ಕೋರ್ಟಿನ್ಯಾಗ ಕೂತವರು, ಅವರಿಗೆ ಗೊತ್ತಿರತೈತಿ ಅಂದ್ರು. ಸತೀಶಣ್ಣ ಚೆಕ್ಕು ತಂದು ಕೊಟ್ಟಿದ್ದ. ವಾಪಸ್ ಕೊಟ್ಟು ಬಂದ್ರು." ಸ್ವರೂಪಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಸಿಟ್ಟಿದ್ದಿದ್ದರೆ ವಾಸಿಯಿತ್ತು. ನಡೆದದ್ದನ್ನು ಒಂದಾದ ಮೇಲೊಂದು ಹೇಳುತ್ತಿದ್ದಳು, ಅಷ್ಟೇ.

ವರ್ಷಾ ಮೇಲಿನ ಮೆಟ್ಟಿಲಿನಲ್ಲಿ ನಿಂತಿದ್ದಳು. ಆ ಹುಡುಗಿ ಕನ್ನಡ ತಿಳಿದೂ ಇಂಗ್ಲಿಷಿನಲ್ಲೇ ಮಾತಾಡುವವಳು. "ಆಂಟಿ, ಡಿಡ್ ಹೀ ಹ್ಯಾವ್ ಟು ಆನ್ಸರ್?" ಎಂದಳು. ಅಪ್ಪ ಉತ್ತರ ಕೊಡಲೇಬೇಕಿತ್ತೇ?

ಪದ್ಮಜಾ ಲೋಟ ಕೆಳಗಿಟ್ಟು, "ಜಡ್ಜ್ ಕೇಳಿದ ಮೇಲೆ ಕೊಡಲೇಬೇಕು," ಎಂದಳು.

"ಹಾಗಾದರೆ ಅವರು ಯಾಕೆ ಕೇಳಿದರು?" ಎಂದಳು ಹುಡುಗಿ, ಅದನ್ನೂ ಇಂಗ್ಲಿಷಿನಲ್ಲೇ. ಶಿವಬಸಪ್ಪ ಗರಾಜಿನಿಂದ ಬಂದು, "ಏ, ಸುಮ್ನಿರವಾ," ಎಂದು ಅವಳನ್ನು ಮೇಲಕ್ಕೆ ಕಳಿಸಿದ.

ಸೋಮವಾರ ಪದ್ಮಜಾ ಹಾಲೊರನ್ ಅವರ ಕೋಣೆಗೆ ಹೋದಳು. ಏಳು ವರ್ಷದಲ್ಲಿ ಅವರ ಮುಂದೆ ತಾನಾಗಿ ಹೋಗಿ ನಿಂತದ್ದು ಅದೇ ಮೊದಲು. ಆ ಸೀಟಿನ ಕೇಸು, ಆ ಕುಟುಂಬ ವಾಪಸ್ ಹೋಗುತ್ತಿದೆ ಎಂದಳು. ಹಾಲೊರನ್‌ಗೆ ನೆನಪಿತ್ತು.

"ನಾನು ಕೇಳದಿದ್ದರೆ ಅವನು ಗೆಲ್ಲುತ್ತಿದ್ದ," ಎಂದರು ಅವರೇ. "ಅದು ನನಗೆ ಗೊತ್ತು. ಮೂರು ವಾರದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಆದರೆ ಅವನು ಆ ಫೋಲ್ಡರ್ ತೆರೆದಿದ್ದ, ಅದೂ ನಿಜ. ನಿಜ ಗೊತ್ತಿಲ್ಲದೆ ಅವನನ್ನು ಗೆಲ್ಲಿಸಿದ್ದರೆ ಅದು ನ್ಯಾಯವಾಗುತ್ತಿತ್ತೇ?"

ಪದ್ಮಜಾ ಬಂದದ್ದು ಬೇರೆ ಮಾತಿಗೆ. "ಅವರು ವಕೀಲರನ್ನು ಇಡದೇ ಇದ್ದದ್ದಕ್ಕೆ ಒಂದು ಕಾರಣ ಇತ್ತು," ಎಂದು ಶುರು ಮಾಡಿದಳು. "ಅವರು ಕೌಂಟರಿಗೆ ಬಂದಾಗ ನಾನು..."

ಹಾಲೊರನ್ ಕೈ ಎತ್ತಿ ತಡೆದರು. ಅವಳ ಮುಖವನ್ನೇ ನೋಡಿದರು. ಅವರಿಗೆ ಅರ್ಥವಾಗಿತ್ತು. ಅವಳು ಮುಂದಿನ ಮಾತು ಆಡಿದರೆ ಅವರು ವರದಿ ಮಾಡಬೇಕು; ವರದಿ ಮಾಡಿದರೆ ಕೆಲಸ ಹೋಗುತ್ತದೆ; ಅವಳ ಗಂಡನಿಗೆ ಕೆಲಸವಿಲ್ಲ, ಮಗನಿಗೆ ಉಬ್ಬಸ ಎಂಬುದು ಅವರಿಗೆ ಗೊತ್ತಿತ್ತು.

"ಅದರ ಬಗ್ಗೆ ನಾನು ಏನನ್ನೂ ಕೇಳುವುದಿಲ್ಲ," ಎಂದರು. ಕನ್ನಡಕ ಹಾಕಿಕೊಂಡು ಮುಂದಿದ್ದ ಕಾಗದ ಓದತೊಡಗಿದರು.

ಅವಳು ಹೊರಗೆ ಬಂದಳು. ಕೆಲಸ ಉಳಿಯಿತು. ಅಂದಿನಿಂದ ಅವರನ್ನು ಮೊದಲಿನ ಹಾಗೆ ನೋಡಲು ಆಗಲಿಲ್ಲ ಎನ್ನುತ್ತಾಳೆ, ತನ್ನನ್ನೂ ಕೂಡ. ಜನವರಿಯಲ್ಲಿ ವರ್ಗ ಕೇಳಿಕೊಂಡಳು. ಸಿಕ್ಕಿದ್ದು ಹಜಾರದ ಇನ್ನೊಂದು ತುದಿ, ಮರ್ಸರ್ ಅವರ ಕೆಳಗಿನ ಮೇಜು.

ಬಹುಶಃ ಅಲ್ಲಿ ನೆಮ್ಮದಿ ಸಿಗಬಹುದು, ಮೌನವೇ ಸರಿ ಇರಬಹುದು ಎಂದುಕೊಂಡು ಹೋಗಿದ್ದಳು. ಮೊದಲ ತಿಂಗಳಿನಲ್ಲೇ ಒಬ್ಬಳು ಹೆಂಗಸು ಬಂದಳು, ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುವವಳು, ವಕೀಲರಿಲ್ಲ. ಅವಳ ಮೇಲೆ ದಾವೆ ಹಾಕಲು ಕಾನೂನು ಕೊಟ್ಟ ಅವಧಿ ಯಾವಾಗಲೋ ಮೀರಿಹೋಗಿತ್ತು. ತಡವಾಗಿದೆ ಎಂದು ಅವಳು ಒಂದು ಮಾತು ಹೇಳಿದ್ದರೆ ಕೇಸೇ ಇರುತ್ತಿರಲಿಲ್ಲ. ತಾರೀಕು ಎಲ್ಲರ ಮುಂದಿನ ಕಾಗದದಲ್ಲೂ ಇತ್ತು. ಅವಳು ಹೇಳಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಮರ್ಸರ್ ಕೇಳಲಿಲ್ಲ. ಅವಳ ವಿರುದ್ಧ ತೀರ್ಪು ಓದುವಾಗ ಮರ್ಸರ್ ಅವರ ದನಿ ನಡುಗಿತು ಎಂದು ಪದ್ಮಜಾ ಹೇಳಿದಳು. ಆ ಹೆಂಗಸು ಥ್ಯಾಂಕ್ಯೂ ಎಂದು ಹೇಳಿ ಹೋದಳಂತೆ.

"ಕೇಳಿದ್ರೂ ಹೀಗೆ, ಕೇಳದಿದ್ರೂ ಹೀಗೆ," ಎಂದಳು ಪದ್ಮಜಾ. ನಾನು ಏನೋ ಸಮಾಧಾನ ಹೇಳಹೊರಟೆ. ಅವಳು ನಡಿಗೆ ಜೋರು ಮಾಡಿದಳು.

ಜಗನ್ನಾಥನಿಗೆ ಮತ್ತೆ ಎಂಜಿನಿಯರ್ ಕೆಲಸ ಸಿಗಲಿಲ್ಲ. ಎರಡು ವರ್ಷ ಮನೆಯಲ್ಲಿದ್ದು, ಆಮೇಲೆ ಒಂದು ಗೋದಾಮಿನಲ್ಲಿ ಲೆಕ್ಕ ತಾಳೆ ನೋಡುವ ಕೆಲಸಕ್ಕೆ ಸೇರಿದ. ಹಾಲೊರನ್ ಎರಡು ಸಾವಿರದ ಹತ್ತರ ಕೊನೆಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಎಲ್ಲರೂ ಹೋದರು. ಪದ್ಮಜಾ ಹೋಗಲಿಲ್ಲ.

ಎರಡು ಸಾವಿರದ ಹನ್ನೊಂದರ ಏಪ್ರಿಲ್‌ನಲ್ಲಿ ಕೋರ್ಟಿನ ಇ-ಮೇಲಿಗೆ ವರ್ಷಾಳ ಪತ್ರ ಬಂತು. ಹುಬ್ಬಳ್ಳಿಯಲ್ಲಿದ್ದೇವೆ, ನಾನು ಒಂದು ವರ್ಷ ಕಳೆದುಕೊಂಡು ಕಾಲೇಜು ಸೇರಿದ್ದೇನೆ, ಅಪ್ಪ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್, ಹೆಚ್ಚು ಮಾತಾಡುವುದಿಲ್ಲ ಎಂದು ಎರಡು ಸಾಲು. ಅವತ್ತಿನ ವಿಚಾರಣೆಯಲ್ಲಿ ನಡೆದ ಮಾತುಕತೆಯ ಪೂರ್ತಿ ಪ್ರತಿ ತನಗೆ ಬೇಕು, ಏನು ಕೇಳಿದರು ಏನು ಹೇಳಿದರು ಎಂಬುದನ್ನು ಪದಶಃ ಓದಬೇಕು ಎಂದು ಬರೆದಿದ್ದಳು. ಯಾಕೆಂದು ಬರೆದಿರಲಿಲ್ಲ.

ಪದ್ಮಜಾ ಅರ್ಜಿ ತಾನೇ ತುಂಬಿದಳು. ಪ್ರತಿ ಬಂದಾಗ ನಲವತ್ತೊಂದು ಪುಟ ಇತ್ತು. ಅದನ್ನು ಕಳಿಸುವ ಮುಂಚೆ ತಾನು ಓದಿದಳೋ ಇಲ್ಲವೋ ನಾನು ಕೇಳಲಿಲ್ಲ. ಅದರ ಜೊತೆ ಒಂದು ಪತ್ರ ಬರೆಯಬೇಕೆಂದು ಮೂರು ದಿನ ಕೂತಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಎರಡನ್ನೂ ಹರಿದುಹಾಕಿದಳು. ಕೊನೆಗೆ ಬರೀ ಪ್ರತಿಯನ್ನೇ ದೊಡ್ಡ ಕವರಿಗೆ ಹಾಕಿದಳು. ನಾನು ಡ್ರೈವ್ ಮಾಡಿಕೊಂಡು ಹೋಗಿ, ಇಬ್ಬರೂ ಫೋರ್ಡ್ ರೋಡಿನ ಅಂಚೆ ಕಚೇರಿಯಲ್ಲಿ ಕೊಟ್ಟು ಬಂದೆವು.

ಅದು ತಲುಪಿತು ಎಂದು ಕೂಡ ಅಲ್ಲಿಂದ ಯಾರೂ ತಿಳಿಸಲಿಲ್ಲ. ಪದ್ಮಜಾ ಆ ವರ್ಷ ಪೂರ್ತಿ ಇ-ಮೇಲು ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು.